ಕೊನೆಯ ಮೆಟ್ಟಿಲಿಗೆ ಕೇಳುವ ಹಾಗೆ

ನನಗೆ ಆಗ ಹನ್ನೊಂದು ವರ್ಷ. ಈಗ ಎಪ್ಪತ್ತಮೂರು. ಅರವತ್ತೆರಡು ವರ್ಷದ ಹಿಂದಿನ ಮಾತು. ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ಈಗ ದಿನವೂ ಸಂಜೆ ಕಾಶಿಯ ಘಾಟಿನಲ್ಲಿ ಯಾರೋ ಮೈಕು ಕುಟ್ಟುತ್ತಾರೆ, ಟಕ್ ಟಕ್, ಹಲೋ ಹಲೋ. ಆ ಸದ್ದು ಕಿಟಕಿಯಿಂದ ಒಳಗೆ ಬಂದರೆ ಸಾಕು, ಅಪ್ಪ ನನ್ನ ಬೆನ್ನ ಹಿಂದೆ ಬಂದು ನಿಂತಂತಾಗುತ್ತದೆ. ಒದ್ದೆ ಪಂಚೆಯ ವಾಸನೆ, ವಿಭೂತಿಯ ವಾಸನೆ, ಕಿವಿಯ ಹತ್ತಿರ ಬಿಸಿ ಉಸಿರು. ಅಪ್ಪನಿಗೆ ಮೈಕು ಇರಲಿಲ್ಲ. ಇದ್ದದ್ದು ಗಂಟಲು ಒಂದೇ, ಅದೂ ಹೋಯಿತು.

ಹನುಮಾನ್ ಘಾಟಿನ ಗಲ್ಲಿಯಲ್ಲಿ ನಮ್ಮ ಮನೆ. ಕೆಳಗೆ ಯಾತ್ರಿಕರಿಗೆ ಎರಡು ಕೋಣೆ, ಮೇಲೆ ಅಪ್ಪ, ಅವ್ವ, ನಾನು. ಧಾರವಾಡದ ಕಡೆಯಿಂದ ಬಂದವರಿಗೆ ಅಪ್ಪ ಗಂಗೆಯ ದಡದಲ್ಲಿ ಕರ್ಮ ಮಾಡಿಸುತ್ತಿದ್ದರು. ಮಂತ್ರ ಹೇಳುವುದು ಒಂದು ಕೆಲಸ. ಅದಕ್ಕೆ ಮುಂಚೆ ಮೆಟ್ಟಿಲುಗಳ ಮೇಲೆ ಚದುರಿ ನಿಂತ ಮೂವತ್ತು ನಲವತ್ತು ಜನಕ್ಕೆ, ಏನು ಮಾಡಬೇಕು, ಸತ್ತವರ ಹೆಸರು ಯಾವಾಗ ಹೇಳಬೇಕು ಎಂದು ಕನ್ನಡದಲ್ಲಿ ತಿಳಿಸುವುದು ಇನ್ನೊಂದು. ಆ ಚಳಿಗಾಲ ಅಪ್ಪನ ಗಂಟಲಲ್ಲಿ ಹುಣ್ಣಾಗಿ ದನಿ ಅಡಗಿತು. ಬರೀ ಪಿಸುಮಾತು ಉಳಿಯಿತು. ಮಂತ್ರಕ್ಕೆ ಪಕ್ಕದ ಮನೆಯ ಶಾಸ್ತ್ರಿಗಳು ಬಂದರು, ಆದರೆ ಅವರಿಗೆ ಕನ್ನಡ ಬಾರದು. ಅಪ್ಪ ನನ್ನನ್ನು ತಮ್ಮ ಮುಂದೆ ನಿಲ್ಲಿಸಿಕೊಂಡರು. ತಾವು ಕಿವಿಯಲ್ಲಿ ಹೇಳುವುದು, ನಾನು ಕೂಗುವುದು.

ಹೊತ್ತು ಹುಟ್ಟುವ ಮುಂಚೆ ಪಾಠ. ನಾನು ನೀರಿನ ಹತ್ತಿರ, ಅವ್ವ ತುತ್ತತುದಿಯ ಮೆಟ್ಟಿಲ ಮೇಲೆ ತಾಮ್ರದ ಕೊಡ ಹಿಡಿದು. ಅಪ್ಪ ಕಿವಿಯಲ್ಲಿ ಹೇಳುತ್ತಿದ್ದರು: "ಬಾಯಿ ತೆರಿಯೂಕ ಮೊದಲು ಉಸಿರು ತಗೋ. ಗುಡಿ ಗಂಟಿ ಹೊಡೀಲಿಕ್ಕತ್ತಿದ್ರ ಸುಮ್ಮನ ನಿಲ್ಲು, ಅದರ ಜೋಡಿ ಜಗಳಾಡಬ್ಯಾಡ. ಕೊನೀ ಮೆಟ್ಟಿಲ ಮ್ಯಾಲೆ ಯಾರು ನಿಂತಾರ ನೋಡು. ಅವರನ್ನ ನೋಡಿ ಹೇಳು. ಅವರಿಗೆ ಕೇಳಿದ್ರ ನಡುವಿನವರಿಗೆ ತಾನ ಕೇಳತದ." ನಾನು ಕೂಗುತ್ತಿದ್ದೆ. ಅವ್ವ ಮೇಲಿನಿಂದ, "ನಿಮ್ಮ ಮಗಳ ಮಾತು ಮೀನಿಗೆ ಕೇಳಸಿರಬೇಕು, ನನಗಂತೂ ಇಲ್ಲ!" ಎನ್ನುತ್ತಿದ್ದಳು. ದೋಣಿಯವರಿಗೆ ಅದೇ ತಮಾಷೆ. "ಅರೇ ಛೋಟಿ ಪಂಡಿತಾಯಿನ್, ಗಲಾ ಖೋಲ್!" ಎಂದು, ಗಂಟಲು ಬಿಚ್ಚು ಪುಟ್ಟ ಪಂಡಿತಮ್ಮಾ ಎಂದು ಅಣಕಿಸುತ್ತಿದ್ದರು. ಹದಿನೈದು ದಿನದಲ್ಲಿ ಗಂಟಲು ತೆರೆಯಿತು. ಆಮೇಲೆ ನನಗೆ ಯೋಚನೆಯೇ ಬೇಕಾಗಲಿಲ್ಲ. ಕಿವಿಗೆ ಬಂದದ್ದು ಬಾಯಿಂದ ಹೋಗುತ್ತಿತ್ತು. ನಡುವೆ ನಾನು ಇರಲಿಲ್ಲ.

ಹಿರಿಯರ ಕರ್ಮಕ್ಕೆಂದು ಒಂದು ಮನೆತನದವರು ಬಂದು ನಮ್ಮ ಕೆಳಗಿನ ಕೋಣೆಯಲ್ಲಿ ಇಳಿದರು. ಮುದುಕಿ, ಅವಳ ಕಿರಿಯ ಮಗ, ನೆಂಟರು. ಮುದುಕಿಯ ಮೊಣಕಾಲು ಕೆಟ್ಟಿತ್ತು, ನಾಲಿಗೆ ನೆಟ್ಟಗಿತ್ತು. ಊರಿಗೆ ಒಯ್ಯಲು ಕಾಶಿದಾರದ ಕರಿ ಎಳೆಗಳನ್ನು ಮಡಿಲಲ್ಲಿ ಹಾಕಿಕೊಂಡು, ನನ್ನ ಕೈಲಿ ಆರಿಸಿದಳು. "ವೆಂಕಟೇಶಗ ಉದ್ದಂದು ತಗೀ. ನನ್ನ ದೊಡ್ಡ ಮಗ. ಮುಂಬೈ ಗಿರಣ್ಯಾಗ ಇದ್ದಾನ, ಸೂಟಿ ಸಿಗಲಿಲ್ಲಂತ. ಅವನ ಕೈ ದಪ್ಪ." ಉದ್ದನೆಯದನ್ನೇ ಆರಿಸಿಕೊಟ್ಟೆ.

ಬೆಳಿಗ್ಗೆ ಎಲ್ಲರೂ ಘಾಟಿಗೆ ಇಳಿದರು. ಮುದುಕಿಗೆ ಇಳಿಯಲು ಆಗಲಿಲ್ಲ, ಮೇಲೆಯೇ ಕುಳಿತಳು. ಅಪ್ಪ ಪಿಸುಗುಟ್ಟಿದರು, ನಾನು ಹೇಳಿದೆ: ಕಾಲು ತೊಳೀರಿ. ಹೇಳಿದೆ: ಪೂರ್ವಕ್ಕೆ ಮುಖ ಮಾಡ್ರಿ. ಗಂಟೆ ಹೊಡೆಯಿತು, ನಿಂತೆ. ಅಪ್ಪ ಮತ್ತೆ ಕಿವಿಗೆ ಬಗ್ಗಿದರು. ಗಂಟೆ ನಿಂತಿತು. ಉಸಿರು ತೆಗೆದುಕೊಂಡೆ. ಕೊನೆಯ ಮೆಟ್ಟಿಲಲ್ಲಿ ಕುಳಿತವಳ ಕಣ್ಣನ್ನೇ ನೋಡಿ, ಒಂದೊಂದು ಮಾತೂ ಬಿಡಿಬಿಡಿಯಾಗಿ ಹೇಳಿದೆ.

"ಆ ಮುದುಕೀಗೆ ದೊಡ್ಡ ಮಗ ಸತ್ತದ್ದು ಗೊತ್ತಿಲ್ಲ. ಹೆಸರು ಹೇಳೂಕ ಮೊದಲು ಆಕಿನ್ನ ಗುಡಿಯಾಗ ಕೂಡಿಸಿ ಬಾ."

ಅದು ನನಗೊಬ್ಬಳಿಗೆ ಹೇಳಿದ ಮಾತು. ಎರಡು ತಿಂಗಳ ಹಿಂದೆ ಅವನು ಮುಂಬೈಯಲ್ಲಿ ತೀರಿಕೊಂಡಿದ್ದ. ಅಸ್ಥಿ ತಮ್ಮನ ಚೀಲದಲ್ಲಿತ್ತು. ತಾಯಿಗೆ ತಿಳಿಯದ ಹಾಗೆ ಗಂಗೆಗೆ ಬಿಟ್ಟು ಹೋಗೋಣ ಎಂದು ಆ ಕಿರಿಯ ಮಗ ಅಪ್ಪನೊಬ್ಬರ ಹತ್ತಿರ ಹೇಳಿಕೊಂಡಿದ್ದ.

ಅಪ್ಪ ಬಾಯಿ ತೆರೆದರು. ಬರೀ ಗಾಳಿ ಬಂತು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ಇನ್ನೊಮ್ಮೆ ಹೇಳವ್ವಾ," ಎಂದಳು ಮುದುಕಿ. ಕೇಳಿಸದೆ ಕೇಳಿದ್ದಲ್ಲ. ಕಿರಿಯ ಮಗ ನನ್ನನ್ನು ಹಾಳು ಹುಡುಗಿ ಎಂದು ಬೈದು ಮೇಲಕ್ಕೆ ಓಡಿದ. ಅವಳು ಅವನನ್ನು ನೋಡಿ ಅಂದದ್ದು ಒಂದೇ ಮಾತು: "ಸೂಟಿ ಸಿಗಲಿಲ್ಲ ಅಂದಿದ್ದ್ಯಲ್ಲೋ."

ಕರ್ಮ ನಿಲ್ಲಿಸಲು ಬರುವುದಿಲ್ಲ. ಅವಳು ಕುಳಿತುಕೊಂಡೇ ಒಂದೊಂದು ಮೆಟ್ಟಿಲು ಇಳಿದು ನೀರಿನ ತನಕ ಬಂದಳು. ಹೆಸರು ಹೇಳ್ರಿ ಎಂದು ನಾನು ಕೂಗಬೇಕಿತ್ತು, ಕೂಗಲಿಲ್ಲ. ಅವಳೇ ಹೇಳಿದಳು, ಊಟಕ್ಕೆ ಕರೆಯುವ ಹಾಗೆ, ಮೆಲ್ಲಗೆ. ಗಂಟೆ ಹೊಡೆಯುತ್ತಿತ್ತು. ಆದರೂ ಎಲ್ಲರಿಗೂ ಕೇಳಿಸಿತು. ಸಂಜೆಗೆ ಅವರು ಕೋಣೆ ಬಿಟ್ಟು ಹೋದರು.

ಅಪ್ಪ ಬೈಯಲಿಲ್ಲ. ಬೈಯಲು ದನಿ ಎಲ್ಲಿತ್ತು? ಗೋಡೆಗೆ ಒರಗಿ ಕುಳಿತರು, ಅನ್ನ ಮುಟ್ಟಲಿಲ್ಲ. "ಕೂಗೂದು ಕಲಿಸಿದ್ರಿ, ಬಾಯಿ ಮುಚ್ಚೂದು ಕಲಿಸಲಿಲ್ಲ," ಎಂದಳು ಅವ್ವ. ಅಂದದ್ದು ಅಪ್ಪನಿಗೆ, ನನಗೂ ತಾಗಿತು.

ಅಪ್ಪ ಮುಂದಿನ ಮಳೆಗಾಲ ನೋಡಲಿಲ್ಲ. ಅವ್ವ ಹೋದ ಮೇಲೆ ಮನೆ ಕೈಬಿಟ್ಟಿತು. ಈಗ ಅಲ್ಲಿ ಹೋಟೆಲು, ಅವ್ವ ಮೆಂತ್ಯ ಹುರಿಯುತ್ತಿದ್ದ ಕಡೆ ಚಪ್ಪಲಿ ಬಿಡುತ್ತಾರೆ. ನನ್ನ ಮೊಮ್ಮಕ್ಕಳು ಹಿಂದಿಯಲ್ಲೇ ಜಗಳಾಡುತ್ತಾರೆ. ಅಪ್ಪನ ದನಿ ಹೇಗಿತ್ತು ಎಂದು ಕೇಳಿದರೆ ಹೇಳಲು ನನಗೆ ಬರುವುದಿಲ್ಲ. ಪಿಸುಮಾತು ಮಾತ್ರ ನೆನಪಿದೆ. ನಿಮ್ಮ ಮನೆಯವರ ದನಿ ನಿಮಗಾದರೂ ನೆನಪಿದ್ದರೆ ಪುಣ್ಯವಂತರು.

ಆ ಮುದುಕಿ ಹೋದ ಮಾರನೆಯ ಬೆಳಿಗ್ಗೆ ಬೇರೆ ಊರಿನವರು ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು. ಬೇರೆ ದಾರಿ ಇರಲಿಲ್ಲ, ಅವರಿಗೂ ನನಗೂ. ಅವರು ಕಿವಿಯಲ್ಲಿ ಹೇಳಿದ್ದನ್ನು ಮೊದಲು ನಾನು ಒಳಗೇ ಹೇಳಿಕೊಂಡೆ. ಆಮೇಲೆ ಉಸಿರು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಕಾಲು ತೊಳೀರಿ ಎಂದೆ.