ಒಳಗೆ ಬಿಟ್ಟ ಆರಿಂಚು

ನಮ್ಮ ಬೀದಿಯ ದರ್ಜಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಹೆಮ್ಮೆ ಅದಕ್ಕಿಂತ ಒಂದು ಗೇಣು ಮೇಲೆ. ಒಮ್ಮೆ ತೆಗೆದ ಅಳತೆಯನ್ನು ಸಾಯುವ ತನಕ ಮರೆಯುವುದಿಲ್ಲ, ಪುಸ್ತಕದಲ್ಲಿ ಬರೆದಿಡುವುದು ತಲೆಯಿಲ್ಲದವರ ಕೆಲಸ ಎನ್ನುತ್ತಿದ್ದ. ಗಿರಾಕಿ ಪ್ಯಾಂಟು ಬಿಗಿಯೆಂದರೆ, "ನನ್ನ ಅಳತೆ ಸರಿಯಿದೆ, ತಪ್ಪಿರೋದು ನಿಮ್ಮ ಹೊಟ್ಟೆ" ಎಂದು ಗದರುತ್ತಿದ್ದ. ಆಮೇಲೆ ಹೊಲಿಗೆಯೊಳಗೆ ತಾನೇ ಬಿಟ್ಟಿದ್ದ ಒಂದಿಂಚನ್ನು ಬಿಚ್ಚಿ ಸಡಿಲಿಸುತ್ತಿದ್ದ. ನಾಳೆಯ ಬಗ್ಗೆ ಅವನಿಗೆ ಗೊತ್ತಿದ್ದುದು ಇಷ್ಟೇ: ಮನುಷ್ಯ ದಪ್ಪಗಾಗುತ್ತಾನೆ.

ಮಾತನ್ನೂ ಅವನು ಮರೆಯುವವನಲ್ಲ. ಹನ್ನೆರಡು ವರ್ಷದ ಹಿಂದೆ ಅಣ್ಣ ಇದೇ ಅಂಗಡಿಯ ಕನ್ನಡಿ ಮುಂದೆ ನಿಂತು, ತಮ್ಮ ಹೊಲಿದ ಕೋಟನ್ನು ಗೋಣಿಚೀಲ ಎಂದಿದ್ದನಂತೆ. ಅಂದಿನಿಂದ ಮಾತಿಲ್ಲ. ಆ ಒಂದು ಮಾತಿಗೆ ದರ್ಜಿ ದಿನಾ ಇಸ್ತ್ರಿ ಹಾಕಿ, ಗೆರೆ ಕೆಡದಂತೆ ಇಟ್ಟುಕೊಂಡಿದ್ದ.

ಮಗಳ ಮದುವೆ ನಿಶ್ಚಯವಾಯಿತು. ದೊಡ್ಡಪ್ಪ ಬರದಿದ್ದರೆ ಮದುವೆಯೇ ಬೇಡವೆಂದು ಹುಡುಗಿ ಕೂತಳು. ಕರೆಯಲು ಬಾಯಿ ಬಾರದ ದರ್ಜಿ ಹಲ್ಲು ಕಡಿಯುತ್ತಲೇ ಅಣ್ಣನಿಗೊಂದು ಕೋಟು ಹೊಲಿದ.

"ರೀ, ಒಂದ್ಸಲ ಅಳತೆ ತಗೋಬಾರದಾ?" ಎಂದಳು ಹೆಂಡತಿ.

"ಎದೆ ನಲವತ್ತೆರಡು! ನನ್ನ ಅಣ್ಣನ ಅಳತೆ ನನಗೇ ಹೇಳಿಕೊಡ್ತೀಯಾ?"

ಮಗಳು ಕರೆದದ್ದಕ್ಕೆ ಅಣ್ಣ ಬಂದ. ತೊಟ್ಟ. ಕನ್ನಡಿಯಲ್ಲಿ ಕೋಟು ಕಾಣಿಸಿತು, ಅದರೊಳಗೆ ಅಣ್ಣನನ್ನು ಹುಡುಕಬೇಕಾಯಿತು.

"ಚೆನ್ನಾಗಿದೆ ಕಣೋ," ಎಂದ ಅಣ್ಣ.

ದರ್ಜಿ ಸಿಡಿದ. "ಸುಳ್ಳು ಹೇಳ್ಬೇಡ! ಗೋಣಿಚೀಲ ಅನ್ನು! ಅವತ್ತು ಅಂದ ನಾಲಿಗೆ ಇವತ್ತೇನು ಬಿದ್ದುಹೋಯ್ತಾ?"

"ನಾನೆಲ್ಲಿ ಅಂದೆ? ತೋಳು ಸ್ವಲ್ಪ ಉದ್ದ ಅಂದೆ. 'ನಾನೇನು ಗೋಣಿಚೀಲ ಹೊಲಿಯೋನಾ' ಅಂತ ಕೂಗಿ ಬಾಗಿಲು ತೋರಿಸಿದ್ದು ನೀನು."

"ನಿನಗೆ ಮರೆವು!"

"ಭಾವ ಹೇಳ್ತಿರೋದೇ ನಿಜ," ಎಂದಳು ಹೆಂಡತಿ, ಹಲ್ಲಿನಲ್ಲಿ ದಾರ ಕಡಿಯುತ್ತ. "ಆಗ ನಾನು ಇಲ್ಲೇ ಗುಂಡಿ ಹಚ್ತಿದ್ದೆ."

"ಹನ್ನೆರಡು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ವರ್ಷ ವರ್ಷ ಹೇಳಿದೀನಿ. ನಿಮಗೆ ನೆನಪಿಲ್ಲ."

ಬೈಯಲು ಇನ್ನು ಯಾರೂ ಉಳಿದಿರಲಿಲ್ಲ. ದರ್ಜಿ ಕೊರಳಿನ ಟೇಪನ್ನು ಎಳೆದು ಅಣ್ಣನ ಎದೆಗೆ ಸುತ್ತಿದ. ಮೂವತ್ತಾರು. ಮತ್ತೆ ಸುತ್ತಿದ. ಟೇಪೂ ಹಟಮಾರಿ, ಮೂವತ್ತಾರೇ.

"ಯಾರನ್ನ ಕೇಳಿ ಇಷ್ಟು ಸಣ್ಣಗಾದೆ?"

"ಹೋದ ವರ್ಷ ಎರಡು ತಿಂಗಳು ಆಸ್ಪತ್ರೇಲಿದ್ದೆ."

"ತಮ್ಮ ಅನ್ನೋನು ಸತ್ತಿದ್ನಾ? ಹೇಳಿ ಕಳಿಸೋಕೆ ಏನಾಗಿತ್ತು ನಿನಗೆ?"

"ಬಾಗಿಲು ತೋರಿಸಿದ್ದೆಯಲ್ಲೋ."

ಟೇಪು ಹಿಡಿದ ಕೈ ಅಣ್ಣನ ಪಕ್ಕೆಲುಬಿನ ಮೇಲೇ ನಿಂತಿತು. ದರ್ಜಿ ಹೆಂಡತಿಯ ಮೇಲೆ ಹರಿಹಾಯ್ದ: "ಏನು ನೋಡ್ತಿದೀಯ? ಬರಕೋ! ಎದೆ ಮೂವತ್ತಾರು!"

ಆ ಅಂಗಡಿಯಲ್ಲಿ ಪುಸ್ತಕವೆಲ್ಲಿಂದ ಬರಬೇಕು? ಅವಳು ಮದುವೆ ಕಾಗದದ ಬೆನ್ನಿಗೆ ಬರೆದಳು.

"ಒಂದೆಳೆಯೂ ಕತ್ತರಿಸೋಲ್ಲ," ಎಂದು ದರ್ಜಿ ಅಣ್ಣನಿಗೆ ಗದರಿದ. "ಆರಿಂಚೂ ಒಳಗೇ ಇರುತ್ತೆ. ಮೊದಲಿನ ಹಾಗೆ ಮೈ ತುಂಬಿಕೊಂಡು ಬಾ, ಬಿಚ್ಚಿಕೊಡ್ತೀನಿ."

"ಅಷ್ಟು ಬಟ್ಟೆ ಒಳಗೆ ಮಡಿಸಿದ್ರೆ ನಿಜವಾಗ್ಲೂ ಗೋಣಿಚೀಲ ಆಗುತ್ತಲ್ಲೋ."

"ಆಗಲಿ! ಅದನ್ನೇ ಹಾಕ್ಕೊಂಡು ಬಾ!"