ದೇವಿಯ ತೋಳೇರಿದ ಪದಕ

ಮಕ್ಕಳೇ, ಗೋವಿನಕೋವಿಯ ನೆಂಟರು ನನ್ನನ್ನು ದೇವಿಯ ಮೈಮೇಲಿನ ಒಡವೆ ಬಿಚ್ಚಿಸಿಕೊಂಡು ಬಂದವಳು ಎಂದು ಇಂದಿಗೂ ಆಡಿಕೊಳ್ಳುತ್ತಾರೆ. ಅದು ನಿಮ್ಮ ಕಿವಿಗೂ ಬಿದ್ದಿರಬಹುದು. ನಡೆದದ್ದನ್ನು ನಾನೇ ಬರೆದಿಡುತ್ತೇನೆ.

ಸೊಕ್ಕೆ ಊರಿನ ನಿಮ್ಮ ದೊಡ್ಡಕ್ಕ ಡಾಕ್ಟರ್ ಓದಲು ಉಕ್ರೇನಿಗೆ ಹೋಗಿ, ಯುದ್ಧ ಶುರುವಾದಾಗ ಓದನ್ನು ಅರ್ಧಕ್ಕೇ ಬಿಟ್ಟು ಬಂದದ್ದು ನಿಮಗೆ ಗೊತ್ತು. ಬಾಂಬು ಬೀಳುತ್ತಿದ್ದಾಗ ಅವಳನ್ನು ನೆಲಮಾಳಿಗೆಗೆ ಕರೆದೊಯ್ದು ತನ್ನ ಕಂಬಳಿಯೊಳಗೆ ಮಲಗಿಸಿಕೊಂಡವಳು ಅವಳಿದ್ದ ಮನೆಯ ಒಡತಿ, ನನ್ನ ವಯಸ್ಸಿನ ಹೆಂಗಸು. ಈಗ ಆಕೆಯ ಫೋನು ಹತ್ತುವುದಿಲ್ಲ. ಆ ದೇಶದ ಹೆಂಗಸರು ಬೆಳ್ಳಿ ಪದಕ ಮಾಡಿ ಮಾರಿ, ಬಂದದ್ದನ್ನು ಗಾಯಗೊಂಡವರ ಔಷಧಿಗೆ ಕೊಡುತ್ತಾರಂತೆ. ನಿಮ್ಮಕ್ಕ ಒಂದನ್ನು ತರಿಸಿದಳು. "ಅಜ್ಜಿ, ಆ ಅಜ್ಜಿ ನೆನಪಿಗೆ ಇದನ್ನ ನೀನು ಹಾಕ್ಕಾ" ಎಂದಳು.

ಪದಕಕ್ಕೆ ಮೂರು ಮೊನೆ. ಅದು ಆ ದೇಶದ ಲಾಂಛನ, ನಮ್ಮ ರಾಜ್ಯಕ್ಕೆ ಗಂಡಭೇರುಂಡ ಇದ್ದಂತೆ. ಆದರೆ ನಮ್ಮ ಕಡೆ ಮೂರು ಮೊನೆ ಕಂಡರೆ ತ್ರಿಶೂಲವೇ. ನಾನೂ ಮೊದಲು ಹಾಗೆಂದುಕೊಂಡೇ ಕಣ್ಣಿಗೊತ್ತಿಕೊಂಡೆ. ಕಪ್ಪು ದಾರಕ್ಕೆ ಪೋಣಿಸಿ, ಕೊರಳ ಲಿಂಗದ ಪಕ್ಕದಲ್ಲೇ ಹಾಕಿಕೊಂಡೆ.

ನಿಮ್ಮಜ್ಜನ ತಂಗಿ, ಅಂದರೆ ನನ್ನ ನಾದಿನಿ, ಮೊಮ್ಮಗನ ಜಾವಳಕ್ಕೆ ಕರೆದಿದ್ದಳು. ಕೆರೆಬಿಳಚಿಯಿಂದ ಹೊರಟು ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಗೋವಿನಕೋವಿಗೆ ಹೋದೆ. ಅಲ್ಲಿನ ದೇವಿಯ ಗುಡಿಯ ಅಂಗಳದಲ್ಲಿ ನನ್ನನ್ನು ಕಂಡವಳೇ ಎಲ್ಲರಿಗೂ ಕೇಳುವಂತೆ ಅಂದಳು:

"ಏನ್ ಅತ್ತಿಗೆಮ್ಮ, ನಮ್ಮಣ್ಣ ಹೋದಮ್ಯಾಲೆ ಕೊರಳಿಗೆ ಹೊಸ ಸರ ಬಂದೈತೆ? ಅದೂ ತ್ರಿಶೂಲ! ಇನ್ನು ಕಣಿ ಹೇಳಾಕೆ ಕುಂದ್ರತೀರೋ ಹೆಂಗೆ?"

ಹೆಂಗಸರು ನಕ್ಕರು. ನಾನು ತಲೆ ತಗ್ಗಿಸಿದೆ. ನಾಲ್ಕು ಜನರ ನಡುವೆ ಮೊದಲಿನಿಂದಲೂ ನನಗೆ ಮಾತು ಏಳುವುದಿಲ್ಲ. ಅಷ್ಟರಲ್ಲಿ, ನಾನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಜಾವಳದ ಕೂಸು ಪದಕ ಹಿಡಿದೆಳೆದು ದಾರ ಹರಿಯಿತು. "ಕೊಡ್ರಿ ಇಲ್ಲಿ, ಗಂಟು ಹಾಕಿ ಕೊಡ್ತೀನಿ" ಎಂದು ನಾದಿನಿ ಪದಕ ಇಸಿದುಕೊಂಡು ಗುಡಿಯೊಳಗೆ ಹೋದಳು.

ಮಂಗಳಾರತಿಗೆ ಎದ್ದು ನೋಡಿದರೆ ಅದು ದೇವಿಯ ತೋಳಿನಲ್ಲಿದೆ! ಹರಕೆ ಹೊತ್ತವರು ಪುಟ್ಟ ಬೆಳ್ಳಿ ತ್ರಿಶೂಲ ಒಪ್ಪಿಸುವುದು ಆ ಗುಡಿಯ ಪದ್ಧತಿ.

"ನಿಮಗ್ಯಾಕೆ ಅದು? ನಿಮ್ಮ ಹೆಸರಾಗೇ ಒಪ್ಪಿಸೀನಿ, ಪುಣ್ಯ ಬರತೈತೆ" ಎಂದಳು ನಾದಿನಿ.

"ದೇವಿಗೆ ಕೊಟ್ಟಿದ್ದು ವಾಪಸ್ ಕೇಳಬಾರದು ತಾಯಿ" ಎಂದರು ಪೂಜಾರಿ.

ಮೈಯೆಲ್ಲ ಉರಿಯಿತು. ನಿಮ್ಮಜ್ಜ ತೀರಿಕೊಂಡಾಗ ನನ್ನ ಬಳೆ ಒಡೆಯುವ ಮುಂಚೆಯೂ ಯಾರೂ ನನ್ನನ್ನು ಕೇಳಿರಲಿಲ್ಲ. ಅಂದು ನನ್ನ ಮುಂಗೈ ಹಿಡಿದು ಕೂತಿದ್ದವಳು ಇವಳೇ. ಪುಣ್ಯ ಬರುತ್ತದಂತೆ! ಎಲ್ಲೋ ನೆಲಮಾಳಿಗೆಯಲ್ಲಿ ನಮ್ಮ ಹುಡುಗಿಯನ್ನು ಕಾದ ಹೆಂಗಸಿನ ನೆನಪನ್ನು ಕೊಟ್ಟುಬಿಡಲು ಇವಳು ಯಾರು?

"ಪೂಜಾರ್ರೇ, ಹರಕೆ ಹೊತ್ತೋರು ಯಾರು?" ಎಂದೆ.

"ನೀವೇ ಅಂತ ಹೇಳಿದರಲ್ಲ."

"ನಾನು ಹೊತ್ತಿಲ್ಲ. ಹೊರದಿರೋ ಹರಕೆ ದೇವಿಗೆ ಹೆಂಗ್ರೀ ಮುಟ್ಟತೈತೆ? ಅದು ತ್ರಿಶೂಲನೂ ಅಲ್ಲ, ಒಂದು ದೇಶದ ಗುರುತು. ನಾಳೆ ಬಸ್ಸಿನ ಮ್ಯಾಗಳ ಗಂಡಭೇರುಂಡ ಕಿತ್ತು ತಂದು ಕೊಟ್ರೂ ಕಟ್ಟತೀರಾ?"

"ಡ್ರೈವರ್ ಬಿಡಬೇಕಲ್ಲವ್ವ!" ಎಂದು ಹಿಂದಿನಿಂದ ಯಾರೋ ಅಂದರು. ಗಂಡಸರು ನಕ್ಕರು.

ನಾದಿನಿ ಕೆಂಪಾದಳು. "ಗಂಡ ಸತ್ತೋಳಿಗೆ ಇಷ್ಟು ಬಾಯಿ!"

"ಸತ್ತಿದ್ದು ನಿಮ್ಮಣ್ಣ ಕಣವ್ವ, ನನ್ನ ಬಾಯಲ್ಲ."

ಆ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಗಾಬರಿಯಾಯಿತು. ಪೂಜಾರಿ ಪದಕ ಬಿಚ್ಚಿ, ಅದಕ್ಕೆ ಹತ್ತಿದ್ದ ಕುಂಕುಮವನ್ನು ಜೋಪಾನವಾಗಿ ಒರೆಸಿ ನನ್ನ ಕೈಗೆ ಹಾಕಿದರು. ವಿಧವೆಯ ಕೈಗೆ ಹೋಗುವುದೆಂದು ಒರೆಸಿದ್ದು. ಅದಕ್ಕೂ ಸಿಟ್ಟು ಬಂತು, ಆದರೆ ಇದ್ದ ಧೈರ್ಯವೆಲ್ಲ ಅಷ್ಟರಲ್ಲಿ ಖರ್ಚಾಗಿತ್ತು. ಹರಿದ ದಾರವನ್ನು ನಾನೇ ಗಂಟು ಹಾಕಿ ಕೊರಳಿಗೆ ಹಾಕಿಕೊಂಡೆ.

ಊಟದ ಪಂಕ್ತಿಯಲ್ಲಿ ನನ್ನ ಎಡಬಲ ಯಾರೂ ಕೂರಲಿಲ್ಲ. ಹೋಳಿಗೆ ಬಡಿಸುತ್ತಾ ಬಂದ ನಾದಿನಿ ನನ್ನ ಎಲೆ ದಾಟಿ ಮುಂದೆ ಹೋದಳು. ಕರೆದು ಹಾಕಿಸಿಕೊಂಡೆ.