ಶಾಂತಕ್ಕ ಹೇಳದ ಹೆಸರು

ಇವತ್ತು ಬೆಳಿಗ್ಗೆ ಕಾರು ಗುಡಿಸುವಾಗ ಹಿಂದಿನ ಸೀಟಿನ ಸಂದಿಯಲ್ಲಿ ಕಿವಿಗೆ ಇಡುವ ಹಳದಿ ಸ್ಪಂಜಿನ ಬಿರಡೆಯೊಂದು ಸಿಕ್ಕಿತು. ನಿಮಗದು ಕಸ. ನನಗೆ ಹೋದ ವರ್ಷದ ಆರು ವಾರ.

ಪರದೇಶದ ಈ ಗಿಲ್‌ರಾಯ್‌ನಲ್ಲಿ ನಮ್ಮ ಪಕ್ಕದ ಮನೆಯವರು ಧಾರವಾಡದ ಶಾಂತಕ್ಕ ಮತ್ತು ಅವರ ಯಜಮಾನರು ರಾಘವೇಂದ್ರರಾಯರು. ಶಾಂತಕ್ಕನಿಗೆ ಆಲ್‌ಝೈಮರ್ಸ್. ಮೆನ್ಲೋ ಪಾರ್ಕಿನ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಆರು ವಾರದ ಹೊಸ ಚಿಕಿತ್ಸೆಯ ಪ್ರಯೋಗ ನಡೆದಿತ್ತು. ಸದ್ದು ತಡೆಯಲು ಕಿವಿಗೆ ಬಿರಡೆ ಇಟ್ಟು, ತಲೆಯ ಹತ್ತಿರ ಯಂತ್ರ ಹಿಡಿದು ಟಕಟಕ ಎಂದು ಅಯಸ್ಕಾಂತದ ಮಿಡಿತ ಕೊಡುವುದು, ಮೆದುಳು ಎಚ್ಚೆತ್ತ ಆ ಹೊತ್ತಿಗೇ ಟ್ಯಾಬ್ಲೆಟ್ಟಿನಲ್ಲಿ ನೆನಪಿನ ಪಾಠ ಮಾಡಿಸುವುದು. ಹೊಲ ಹದವಾದಾಗಲೇ ಬಿತ್ತಬೇಕಲ್ಲ, ಹಾಗೆ. ನನ್ನ ಆಫೀಸು ಅದೇ ದಾರಿಯಲ್ಲಿದ್ದುದರಿಂದ ಡ್ರೈವರ್ ನಾನಾದೆ. ದುಭಾಷಿಯೂ ನಾನೇ ಆದೆ. ಯಾರೂ ಕೇಳಿರಲಿಲ್ಲ ಅನ್ನಿ.

ಆಕೆಯ ಶ್ರದ್ಧೆ ನೀವು ನೋಡಬೇಕಿತ್ತು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗಿಟ್ಟು ಕೂತು, ಬದನೆಕಾಯಿ, ಛತ್ರಿ, ಮಗಳ ಮುಖ, ಎಲ್ಲಕ್ಕೂ ಹೆಸರು ಹುಡುಕಿ ತರುತ್ತಿದ್ದರು. ತಪ್ಪಿದರೆ ಇನ್ನೊಮ್ಮೆ ತೋರಿಸಿರೆಂದು ತಾವೇ ಕೇಳುತ್ತಿದ್ದರು. ನಾನಾಗಿದ್ದರೆ ಎರಡನೇ ದಿನವೇ ತಲೆನೋವೆಂದು ಜಾರಿಕೊಳ್ಳುತ್ತಿದ್ದೆ.

ಗಂಡನ ಫೋಟೋ ಬಂದಾಗ ಮಾತ್ರ ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದರು. ಎರಡು ವಾರ ಹಾಗೇ. ಪಾಠ ಮಾಡಿಸುವ ಗ್ರೇಸ್ ಕೇಳಿದಾಗ, ಮಹಾಜಾಣ ನಾನು, ಮರೆತಿದ್ದಾರೆ ಎಂದುಬಿಟ್ಟೆ. ರಾಯರು ಪಕ್ಕದಲ್ಲೇ ಇದ್ದರು. ಮನೆಯಲ್ಲಿ ಒಂದು ಬೆಳಿಗ್ಗೆ ಆಕೆ ಅವರನ್ನೇ "ನೀವ್ಯಾರ್ರೀ?" ಎಂದು ಕೇಳಿದ್ದರಂತೆ, ಅಂದಿನಿಂದಲೇ ಹೆದರಿದ್ದರು. ವಾಪಸು ಬರುವಾಗ ಫ್ರೀವೇಯಲ್ಲಿ, "ನನ್ನ ಮರತ್ಲಂದ್ರ ಇನ್ನ ಉಳದದ್ದರ ಏನು?" ಎಂದರು.

ಊಟಕ್ಕೆ ಕೂತಾಗ ಇದನ್ನು ಹೇಳಿದೆ. ದಿನಕ್ಕೆ ನೂರು ಸಲ ನನ್ನ ಹೆಸರು ಹಿಡಿದು ಕೂಗುವ ನನ್ನ ಹುಬ್ಬಳ್ಳಿಯ ಹೆಂಡತಿ, ಆ ಕಾಲದ ಹೆಂಗಸು ಗಂಡನ ಹೆಸರು ಸುಮ್ಮನೆ ಹೇಳುತ್ತಾಳೆಯೇ, ಮೊದಲು ನಿನ್ನ ತಲೆಗೆ ಆ ಟಕಟಕ ಕೊಡಿಸಬೇಕು ಎಂದಳು. ಮದುವೆ ಮನೆಯಲ್ಲಿ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುವುದಷ್ಟೇ ಅವರ ರೂಢಿ. ರಾಯರಿಗೂ ಹೊಳೆಯಲಿಲ್ಲವೇ ಎನ್ನುತ್ತೀರಾ? ಹೆದರಿದ ಮನುಷ್ಯನಿಗೆ ಏನು ಹೊಳೆಯುತ್ತದೆ.

ಮರುದಿನ ಫೋಟೋ ಬಂದಾಗ, "ಶಾಂತಕ್ಕಾ, ಒಡಪು ಹೇಳ್ರಿ," ಎಂದೆ. ಆಕೆ ನಕ್ಕರು, ನಾಚಿದರು.

"ಕಡ್ಲಿ ಬ್ಯಾಳಿ ಹೂರಣ, ಬಾಗಲಕ್ಕ ತೋರಣ, ರಾಘವೇಂದ್ರರಾಯರು ನನ್ನ ನಗಿಗೆ ಕಾರಣ."

ರಾಯರು ಗೋಡೆಯ ಕಡೆ ತಿರುಗಿ ಅತ್ತರು. ನನಗೂ ಅಳು ಬಂತು, ನಾಚಿಕೆಯೂ ಆಯಿತು.

ರೋಗ ವಾಸಿಯಾಯಿತೇ ಎಂದು ಕೇಳಬೇಡಿ. ಕೆಲವು ಹೆಸರು ವಾಪಸು ಬಂದವು, ಕೆಲವು ಮತ್ತೆ ಹೋದವು. "ನೀವ್ಯಾರ್ರೀ" ಈಗಲೂ ಒಮ್ಮೊಮ್ಮೆ ಬರುತ್ತದೆ. ರಾಯರು ಹೆದರುವುದಿಲ್ಲ, "ಕಡ್ಲಿ ಬ್ಯಾಳಿ ಹೂರಣ" ಎಂದು ಶುರುಮಾಡಿ ಕಾಯುತ್ತಾರೆ. ಇವತ್ತೂ ಬೇಲಿಯಾಚೆ ಅದೇ ನಡೆದಿತ್ತು. ಬಹಳ ಹೊತ್ತಾಯಿತು. ಮುಂದಿನದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು; ಬಾಯಿ ಹಾಕದೆ ನಾನೂ ನಿಂತು ಕಾದೆ. ಶಾಂತಕ್ಕ ಹೇಳಿದರು, ಪೂರ್ತಿ.